ದಿ ಟೈಟನ್ಸ್: ಮಾವನ ಮಗ ಪ್ರತಿ ಸಲ ಹೋರಸ್ ಇಳಿಸಿ ಸೋಲಿಸುತ್ತಾನೆ, ಏನು ಮಾಡಲಿ?

ಮಂಡಿಪೇಟೆ_ಗೇಮರ್ (ದಾವಣಗೆರೆ)

ನಮಸ್ಕಾರ. ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ, ನಗಬೇಡಿ.

ಏಜ್ ಆಫ್ ಮಿಥಾಲಜಿ ಅನ್ನುವ, ಊರು ಕಟ್ಟಿ ಸೈನ್ಯ ಮಾಡಿ ಕಾದಾಡುವ ಕಂಪ್ಯೂಟರ್ ಗೇಮನ್ನು ನಾನು ಸ್ಕೂಲಿನಲ್ಲಿದ್ದಾಗಿನಿಂದ ಆಡಿದವನು. ಗ್ರೀಕ್, ಈಜಿಪ್ಟ್, ನಾರ್ಸ್ ಮೂರೂ ತಕ್ಕಮಟ್ಟಿಗೆ ಬರುತ್ತವೆ. ಆದರೆ ಅದಕ್ಕೆ ಆಮೇಲೆ ಸೇರಿಸಿದ ಭಾಗ, ದಿ ಟೈಟನ್ಸ್ ಎಕ್ಸ್‌ಪ್ಯಾನ್ಶನ್, ಯಾಕೋ ಆಗ ಮುಟ್ಟಿರಲಿಲ್ಲ. ಸ್ಟೀಮ್‌ನಲ್ಲಿ ಎಕ್ಸ್‌ಟೆಂಡೆಡ್ ಎಡಿಶನ್ ಯಾವಾಗಲೋ ಸೇಲ್‌ನಲ್ಲಿ ಕೊಂಡು ಮರೆತೇ ಬಿಟ್ಟಿದ್ದೆ, ಅದರ ಜೊತೆಗೇ ಟೈಟನ್ಸ್ ಕೂಡ ಬಂದಿದೆ ಅಂತ ಈ ಬೇಸಿಗೆಯಲ್ಲಿ ಗೊತ್ತಾಯಿತು. ಹೊಸ ಜನ ಅಟ್ಲಾಂಟಿಯನ್ನರು. ಕ್ಯಾಂಪೇನ್ 12 ಮಿಷನ್, ಅರ್ಕಾಂಟೋಸ್‌ನ ಮಗ ಕ್ಯಾಸ್ಟರ್‌ನ ಕಥೆ. ಅದನ್ನು 1 ವಾರದಲ್ಲಿ ಮುಗಿಸಿದೆ. ಆ ಕಥೆಯ ಕ್ರಿಯೋಸ್ ಮೋಸಗಾರ ಅಂತ 2ನೇ ಮಿಷನ್‌ನಲ್ಲೇ ನನಗೆ ವಾಸನೆ ಬಂದಿತ್ತು, ಕ್ಯಾಸ್ಟರ್‌ಗೆ ಮಾತ್ರ ಬಹಳ ತಡವಾಗಿ ಬಂತು, ಅದು ಬೇರೆ ಮಾತು.

ಸಮಸ್ಯೆ ಕ್ಯಾಂಪೇನ್‌ದಲ್ಲ. ಸಮಸ್ಯೆ ಚಿತ್ರದುರ್ಗದ ನನ್ನ ಮಾವನ ಮಗ.

ಪ್ರತಿ ಶನಿವಾರ ಲ್ಯಾಪ್‌ಟಾಪ್ ಹೊತ್ತುಕೊಂಡು ಬಸ್ಸಿನಲ್ಲಿ ಬರುತ್ತಾನೆ. ಭಾನುವಾರ ಸಂಜೆವರೆಗೂ ನಮ್ಮನೆಯಲ್ಲೇ. ಅವನು ಈಜಿಪ್ಟ್, ರಾ ದೇವರು. ನಾನು ಅಟ್ಲಾಂಟಿಯನ್, ಗೈಯಾ. ಸೋತವನು ಬೆಣ್ಣೆ ದೋಸೆ ಕೊಡಿಸಬೇಕು ಅಂತ ಪಂದ್ಯ. ಇಲ್ಲಿಯವರೆಗೆ 6 ಆಟ ಆಗಿದೆ, 6ರಲ್ಲೂ ನಾನೇ ಸೋತಿದ್ದೇನೆ. ಕಳೆದ ವಾರ ಆ ಮಹಾನುಭಾವ 11 ದೋಸೆ ತಿಂದ. ಹನ್ನೊಂದು. ಹೋಟೆಲಿನವರೇ ಒಂದು ಸಲ ತಿರುಗಿ ನೋಡಿದರು.

ಆಟ ಪ್ರತಿ ಸಲ ಒಂದೇ ಥರ ನಡೆಯುತ್ತದೆ. ಮೊದಲ ಅರ್ಧ ಚೆನ್ನಾಗಿಯೇ ಇರುತ್ತದೆ. ನಾನು ಗೋಡೆ ಕಟ್ಟುತ್ತೇನೆ, ಸೈನ್ಯ ಮಾಡುತ್ತೇನೆ, 4ನೇ ಹಂತವಾದ ಮಿಥಿಕ್ ಏಜ್‌ಗೂ ಹೋಗುತ್ತೇನೆ. ನಾನೂ ಟೈಟನ್ ಅನ್ನುವ ದೈತ್ಯ ಹೊರಬರುವ ಟೈಟನ್ ಗೇಟ್ ಹಾಕೋಣ ಅಂತ ಫುಡ್ಡು, ಮರ, ಚಿನ್ನ ಕೂಡಿಡುತ್ತಿರುತ್ತೇನೆ. ಅಷ್ಟರಲ್ಲಿ ಎಲ್ಲಿಂದಲೋ ಅವನ ಟೈಟನ್, ಆ ಹದ್ದಿನ ಮುಖದ ಹೋರಸ್, ನೆಲ ನಡುಗಿಸುತ್ತಾ ಬರುತ್ತಾನೆ. ಗೋಡೆ ಹೋಯಿತು, ಟೌನ್ ಸೆಂಟರ್ ಹೋಯಿತು, ನಾನು ಎದ್ದು ಚಪ್ಪಲಿ ಹಾಕಿಕೊಂಡು ದೋಸೆ ಕೊಡಿಸಲು ಹೊರಡುತ್ತೇನೆ.

ಇನ್ನೊಂದು. ನನ್ನ ಸಿಟಿಜನ್‌ಗಳು (ಕೂಲಿ ಕೆಲಸದವರು) ಯಾವಾಗಲೂ ಕಡಿಮೆಯೇ. ಪಾಪ್ಯುಲೇಶನ್ (ಇಟ್ಟುಕೊಳ್ಳಬಹುದಾದ ಜನರ ಮಿತಿ) ಬೇಗ ತುಂಬಿಹೋಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ? ಗೈಯಾ ಬಿಟ್ಟು ಇನ್ನೊಬ್ಬ ದೇವರು ಕ್ರೋನಸ್ ಹಿಡಿಯಲಾ? ಹೋರಸ್ ಬಂದ ಮೇಲೆ ಅವನನ್ನು ಬೀಳಿಸುವ ದಾರಿ ಏನಾದರೂ ಇದೆಯಾ?

ಈ ಶನಿವಾರ ಮತ್ತೆ ಬರುತ್ತಾನೆ. ದಯವಿಟ್ಟು ಬೇಗ ಹೇಳಿ.

ರಾತ್ರಿ_ಪಾಳಿ

ಎಷ್ಟು ಸಿಟಿಜನ್ ಮಾಡುತ್ತೀರಿ? ಮೊದಲು ಅದು ಹೇಳಿ, ಆಮೇಲೆ ಮಾತು.

ಮಂಡಿಪೇಟೆ_ಗೇಮರ್

12, 13. ಜಾಸ್ತಿ ಅಂದರೆ 15.

ರಾತ್ರಿ_ಪಾಳಿ

ಅಯ್ಯೋ ದೇವರೇ. ಅಲ್ಲೇ ಇದೆ ನಿಮ್ಮ ರೋಗ.

ನೋಡಿ, ಅಟ್ಲಾಂಟಿಯನ್ ಸಿಟಿಜನ್ ಅಂದರೆ ಬೇರೆಯವರ ಹಳ್ಳಿಗನ ಹಾಗಲ್ಲ. ಒಬ್ಬೊಬ್ಬ 3 ಪಾಪ್ಯುಲೇಶನ್ ತಿನ್ನುತ್ತಾನೆ. ದುಬಾರಿ, ತಯಾರಾಗುವುದೂ ನಿಧಾನ. ಅದನ್ನು ನೋಡಿ ಎಲ್ಲರೂ ಹೆದರಿ ಕಡಿಮೆ ಮಾಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಅವನು ದುಡಿಯುವುದೂ ಹಾಗೇ, ಮತ್ತೆ ಅವನಿಗೆ ಸಾಮಾನು ಇಳಿಸಲು ಕಟ್ಟಡವೇ ಬೇಡ. ಗ್ರೀಕ್ ಹಳ್ಳಿಗ ಮರ ಕಡಿದು ಸ್ಟೋರ್‌ಹೌಸ್‌ಗೆ ಹೊತ್ತುಕೊಂಡು ಓಡಬೇಕು, ಬರಬೇಕು. ನಿಮ್ಮ ಸಿಟಿಜನ್ ನಿಂತಲ್ಲೇ ಕಡಿಯುತ್ತಾನೆ, ನಿಂತಲ್ಲೇ ನಿಮ್ಮ ಖಾತೆಗೆ ಜಮಾ. ಮ್ಯಾಪ್‌ನ ಮೂಲೆಯಲ್ಲಿ ಜಿಂಕೆ ಹಿಂಡು ಇದ್ದರೆ ಅಲ್ಲಿಗೇ ಕಳಿಸಿಬಿಡಿ, ಏನೂ ಕಟ್ಟುವುದು ಬೇಡ. ಚಿನ್ನದ ಗಣಿ ಮುಗಿಯಿತಾ, ಎದ್ದು ಇನ್ನೊಂದು ಗಣಿಗೆ ನಡೆದರೆ ಆಯಿತು.

ನಾನು 25ರವರೆಗೂ ಹೋಗುತ್ತೇನೆ. ಅಂದರೆ 75 ಪಾಪ್ಯುಲೇಶನ್ ಬರೀ ಕೂಲಿಯವರಿಗೇ ಹೋಯಿತು. ಹೆದರಬೇಡಿ. ನಿಮ್ಮ ಮನೆ, ಅಂದರೆ ಮ್ಯಾನರ್, ಒಂದಕ್ಕೆ 20 ಜನ, ಬೇರೆಯವರ ಮನೆಗೆ 10 ಅಷ್ಟೇ. ಆದರೆ ಮನೆಗಳಿಗೆ ಲಿಮಿಟ್ ಇದೆ, ಅದು ಮುಗಿದ ಮೇಲೆ ಪಾಪ್ಯುಲೇಶನ್ ಏರಬೇಕಾದರೆ ಮ್ಯಾಪ್‌ನಲ್ಲಿ ಅದಕ್ಕೇ ಅಂತ ಇರುವ ಸೆಟ್ಲ್‌ಮೆಂಟ್ ಜಾಗ ಹಿಡಿದು ಟೌನ್ ಸೆಂಟರ್ ಕಟ್ಟಲೇಬೇಕು. ಅಟ್ಲಾಂಟಿಯನ್ನರಿಗಂತೂ ಇದು ಎರಡು ಪಟ್ಟು ಮುಖ್ಯ. ಯಾಕೆಂದರೆ ಅವರ ಫೇವರ್ (ದೇವರ ಕೃಪೆ) ಬರುವುದೇ ಟೌನ್ ಸೆಂಟರ್‌ಗಳಿಂದ. ಗ್ರೀಕರ ಹಾಗೆ ದೇವಸ್ಥಾನದ ಮುಂದೆ ಜನ ನಿಲ್ಲಿಸಿ ಪ್ರಾರ್ಥನೆ ಮಾಡಿಸುವ ಹಾಗಿಲ್ಲ. ನಾರ್ಸ್‌ನವರ ಹಾಗೆ ಹೊಡೆದಾಡಿ ಗಳಿಸುವುದೂ ಇಲ್ಲ. ಒಂದೇ ಟೌನ್ ಸೆಂಟರ್ ಇಟ್ಟುಕೊಂಡು ಕೂತರೆ ಫೇವರ್ ತೊಟ್ಟಿಕ್ಕುತ್ತದೆ, ಅಷ್ಟೇ.

ನೀವು ಎಷ್ಟು ಟೌನ್ ಸೆಂಟರ್ ಇಟ್ಟಿರುತ್ತೀರಿ?

ಮಂಡಿಪೇಟೆ_ಗೇಮರ್

...1.

ರಾತ್ರಿ_ಪಾಳಿ

ಹೋಗಿ, ದೋಸೆ ಕೊಡಿಸಿ.

ಹಳೇ_ಸೈಬರ್_ಗಿರಾಕಿ

ಈ ಪ್ರಶ್ನೆ ನೋಡಿ 20 ವರ್ಷ ಹಿಂದಕ್ಕೆ ಹೋದೆ ಮಾರಾಯ್ರೆ. ಮೂಲ ಆಟ 2002ರಲ್ಲಿ, ಟೈಟನ್ಸ್ 2003ರಲ್ಲಿ. ದಾವಣಗೆರೆಗೆ ನಮ್ಮ ಕೈಗೆ ಬಂದದ್ದು 2005ರ ಹೊತ್ತಿಗೆ. ಪಿ.ಬಿ. ರೋಡಿನ ಹತ್ತಿರ ಒಂದು ಸೈಬರ್ ಇತ್ತು, ಗಂಟೆಗೆ 15 ರೂಪಾಯಿ. ಇಂಟರ್ನೆಟ್ ಅಂತ ಬೋರ್ಡು, ಒಳಗೆ ನೋಡಿದರೆ ಎಲ್ಲಾ ಗೇಮ್. ಟ್ಯೂಶನ್ ತಪ್ಪಿಸಿ 4 ಜನ 2 ಸಿಸ್ಟಮ್ ಮುಂದೆ ಕೂರುತ್ತಿದ್ದೆವು. ಒಬ್ಬ ಮೌಸ್ ಹಿಡಿದರೆ ಇನ್ನೊಬ್ಬ ಹಿಂದಿನಿಂದ "ಅಲ್ಲಿ, ಅಲ್ಲಿ, ಮರದ ಹತ್ತಿರ ಒಬ್ಬ ಸುಮ್ನೆ ನಿಂತವ್ನೆ ನೋಡು" ಅಂತ ಕೂಗುವುದು. ಕೆಲಸ ಇಲ್ಲದವನನ್ನು ಹುಡುಕಲು ಒಂದು ಕೀ ಇದೆ, ಚುಕ್ಕಿ ಒತ್ತಿದರೆ ಸಾಕು ಅಂತ ನಮಗೆ 1 ವರ್ಷ ಆದ ಮೇಲೆ ಗೊತ್ತಾಯಿತು.

ಗ್ರೀಕ್ ಹಳ್ಳಿಗನ ಮೇಲೆ ಕ್ಲಿಕ್ ಮಾಡಿದರೆ "ಪ್ರೊಸ್ಟಾಗ್ಮಾ" ಅನ್ನುತ್ತಿದ್ದನಲ್ಲ, ನಮ್ಮ ಗೆಳೆಯನೊಬ್ಬನಿಗೆ ಅದೇ ಅಡ್ಡ ಹೆಸರಾಯಿತು. ಇವತ್ತಿಗೂ ಮದುವೆ ಮನೆಯಲ್ಲಿ ಸಿಕ್ಕರೆ ಹಾಗೇ ಕರೆಯುವುದು. ಅವನ ಹೆಂಡತಿಗೆ ಅರ್ಥವೇ ಆಗುವುದಿಲ್ಲ.

ಸೈಬರ್ ಅಣ್ಣನಿಗೆ ಎಲ್ಲಾ ಚೀಟ್ ಬಾಯಿಪಾಠ. ನಾವು ಕಂಪ್ಯೂಟರ್ ವಿರುದ್ಧ ಸೋಲುತ್ತಿದ್ದರೆ ಎದ್ದು ಬಂದು "ಟೈಟನೋಮಕಿ" ಅಂತ ಟೈಪ್ ಮಾಡುತ್ತಿದ್ದ. ಟೈಟನ್ ಹಾಜರ್. "ವುವ್ ವೂ" ಹೊಡೆದರೆ ನೇರಳೆ ಬಣ್ಣದ ಹಾರುವ ನೀರ್ಗುದುರೆ. ಮಾವನ ಮಗನ ಮುಂದೆ ಇವು ನಡೆಯುವುದಿಲ್ಲ ಅನ್ನುವುದೇ ಬೇಜಾರು.

ಸಲಹೆ ಅಂತ ಒಂದೇ ಹೇಳುತ್ತೇನೆ. ನೀವು ಟೈಟನ್‌ಗೆ ಅಂತ ಕೂಡಿಡುತ್ತಾ ಕೂರುತ್ತೀರಲ್ಲ, ಆ ಹೊತ್ತಲ್ಲೇ ಸೋಲುತ್ತಿದ್ದೀರಿ. ಮದುವೆಗೆ ಅಂತ ಕೂಡಿಟ್ಟ ಹಣ ಆಸ್ಪತ್ರೆಗೆ ಹೋದ ಹಾಗೆ. ಅವನು ಮೊದಲು ಶುರು ಮಾಡಿದ್ದಾನೆ ಅಂತ ಗೊತ್ತಾದ ಮೇಲೆ ನೀವು ಅದೇ ರೇಸ್‌ನಲ್ಲಿ ಓಡಬೇಡಿ. ಆ ಸಾಮಾನೆಲ್ಲಾ ಸೈನ್ಯಕ್ಕೆ ಹಾಕಿ, ನುಗ್ಗಿ.

ಗೈಯಾ_ಕಾಡು

ಗೈಯಾ ಬಿಡಬೇಡಿ! ಪಾಪ ಆ ತಾಯಿಯದೇನೂ ತಪ್ಪಿಲ್ಲ.

ಕಾಡು ಬೆಳೆಸುವ ಗೈಯಾ ಫಾರೆಸ್ಟ್ ಪವರ್ ಇದೆಯಲ್ಲ, ಅದನ್ನು ಎಲ್ಲಿ ಹಾಕುತ್ತೀರಿ? ತುಂಬಾ ಜನ ಅದನ್ನು ಕೊನೆಗೆ ಅಂತ ಇಟ್ಟುಕೊಂಡಿರುತ್ತಾರೆ. ಅದು ಮೂಲ ಆಟದ ಚಾಳಿ. ಅಲ್ಲಿ ದೇವರು ಕೊಡುವ ಗಾಡ್ ಪವರ್ ಒಂದೇ ಸಲ, ಹಾಗಾಗಿ ಜಿಪುಣತನ ರೂಢಿಯಾಗಿರುತ್ತದೆ. ಅಟ್ಲಾಂಟಿಯನ್ನರಿಗೆ ಹೆಚ್ಚಿನ ಪವರ್‌ಗಳು ಒಂದಕ್ಕಿಂತ ಜಾಸ್ತಿ ಸಲ ಸಿಗುತ್ತವೆ, ಸ್ವಲ್ಪ ಕಾಯಬೇಕು ಅಷ್ಟೇ. ಶುರುವಿನಲ್ಲೇ ಟೌನ್ ಸೆಂಟರ್ ಮಗ್ಗುಲಿಗೆ ಕಾಡು ಬೆಳೆಸಿ. ಆ ಮರ ಮಾಮೂಲಿ ಮರಕ್ಕಿಂತ ಬೇಗ ಕಡಿಯಲು ಬರುತ್ತದೆ. ಹೊರಗೆ ಅಲೆಯುವುದೂ ತಪ್ಪುತ್ತದೆ, ಯಾರಾದರೂ ಕುದುರೆ ತಂದು ನಿಮ್ಮವರನ್ನು ಕೊಲ್ಲುವುದೂ ತಪ್ಪುತ್ತದೆ. 3 ಪಾಪ್ಯುಲೇಶನ್‌ನ ಸಿಟಿಜನ್ ಒಬ್ಬ ಸತ್ತರೆ ನಷ್ಟ ಎಷ್ಟು ಅಂತ ಯೋಚಿಸಿ.

2ನೇ ಹಂತ ಕ್ಲಾಸಿಕಲ್ ಏಜ್‌ಗೆ ಹೋಗುವಾಗ ಲೀಟೋ ದೇವತೆ ತಗೊಳ್ಳಿ. ಆಕೆಯ ಸ್ಪೈಡರ್ ಲೇರ್ ಪವರನ್ನು ಮಾವನ ಮಗನ ಚಿನ್ನದ ಗಣಿ ಹತ್ತಿರ ಹೂತಿಡಿ. ನೆಲದಿಂದ ಜೇಡ ಎದ್ದು ಒಬ್ಬೊಬ್ಬನನ್ನೇ ಎಳೆದುಕೊಳ್ಳುವುದನ್ನು ನೋಡಿದರೆ ನಿಮ್ಮ 6 ಸೋಲಿನ ನೋವು ಅರ್ಧ ಕಡಿಮೆಯಾಗುತ್ತದೆ.

ಕ್ರೋನಸ್ ಕಟ್ಟಡಗಳನ್ನೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಲ್ಲ, ನಿಜ, ನೋಡಲು ಮಜಾ. ಆದರೆ ಒಂದು ಟೌನ್ ಸೆಂಟರ್ ಇಟ್ಟುಕೊಂಡು ಆಡುವವರಿಗೆ ಅದೆಲ್ಲ ಯಾಕೆ ಹೇಳಿ.

ದುರ್ಗದ_ಒನಕೆ (ಚಿತ್ರದುರ್ಗ)

ನಮ್ಮ ಊರಿನ ಹುಡುಗ ಅಂತ ಕೇಳಿ ಮೊದಲು ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. 1997ರಲ್ಲಿ ಜಿಲ್ಲೆ ಒಡೆದು ನೀವು ಬೇರೆಯಾದಿರಿ. ಅವತ್ತಿಂದ ಬೆಣ್ಣೆ ನಿಮ್ಮ ಪಾಲು, ಕೋಟೆ ನಮ್ಮ ಪಾಲು.

ಆದರೂ ನ್ಯಾಯ ಅಂತ ಒಂದಿದೆಯಲ್ಲ, ಹೇಳುತ್ತೇನೆ. ನಿಮ್ಮ ಪ್ರಶ್ನೆಯೇ ತಪ್ಪು. ಹೋರಸ್ ಬಂದ ಮೇಲೆ ಹೇಗೆ ಬೀಳಿಸುವುದು ಅಂತ ಕೇಳಿದ್ದೀರಿ. ಬಂದ ಮೇಲೆ ಏನು ಮಾಡಿದರೂ ಅರ್ಧ ಊರು ಹೋಗೇ ಹೋಗುತ್ತದೆ.

ಓಬವ್ವನ ಕಿಂಡಿ ನೋಡಿದ್ದೀರಲ್ವಾ? ಕೋಟೆಗೆ ಬಂದವರೆಲ್ಲಾ ಅಲ್ಲಿ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಒಂದು ಸಲ ಆ ಸಂದಿಯಲ್ಲಿ ತೂರಿ ನೋಡಿ. ಒಬ್ಬ ಮನುಷ್ಯ ಬಗ್ಗಿಕೊಂಡು, ಮೈ ಹಿಡಿ ಮಾಡಿಕೊಂಡು ಬರಬೇಕು. ಆ ಕಡೆ ಹೈದರಾಲಿಯ ಸೈನ್ಯ ಎಷ್ಟೇ ಇರಲಿ, ಈ ಕಡೆ ತಲೆ ಹಾಕುವವನು ಒಬ್ಬನೇ. ಆ ಒಂದು ಗಳಿಗೆಯಲ್ಲಿ ಓಬವ್ವನ ಒನಕೆ ಬಿತ್ತು. ಅಷ್ಟೂ ಜನ ಒಳಗೆ ಬಂದು ಸಾಲಾಗಿ ನಿಂತ ಮೇಲೆ ಆಕೆ ಒನಕೆ ಎತ್ತಿದ್ದರೆ ಏನಾಗುತ್ತಿತ್ತು?

ಟೈಟನ್‌ಗೂ ಒಂದು ಕಿಂಡಿ ಇದೆ. ಅದೇ ಟೈಟನ್ ಗೇಟ್. ಆ ಹುಡುಗ ಮಿಥಿಕ್ ಏಜ್‌ಗೆ ಹೋಗಿ ಸೀಕ್ರೆಟ್ಸ್ ಆಫ್ ದಿ ಟೈಟನ್ಸ್ ಸಂಶೋಧನೆ ಮಾಡಿದ ತಕ್ಷಣ ಟೈಟನ್ ಎದ್ದು ಬರುವುದಿಲ್ಲ. ಗೇಟ್ ಹಾಕಬೇಕು. ಹಾಕಿದ ಮೇಲೆ ಅವನ ಕೂಲಿಯವರು ಅಲ್ಲಿ ನಿಂತು ಅಗೆಯಬೇಕು. ಅದಕ್ಕೆ ಸುಮಾರು ಹೊತ್ತು ಬೇಕು. ಆ ಅಗೆಯುವವರು ಯಾರು? ಕತ್ತಿ ಇಲ್ಲ, ಗುರಾಣಿ ಇಲ್ಲ, ಗದ್ದೆ ಕೆಲಸದ ಬಡಪಾಯಿಗಳು. ಅವರ ಮೇಲೆ ಬೀಳಿ. 10 ಕುದುರೆ ಸಾಕು. ಅವರು ಸತ್ತರೆ ಅಗೆತ ನಿಂತಿತು, ಅಷ್ಟೇ. ಅವನು ಮತ್ತೆ ಜನ ಕಳಿಸುತ್ತಾನೆ, ನೀವು ಮತ್ತೆ ಹೊಡೆಯಿರಿ.

ಹಾಗೆ ಹೊಡೆಯಬೇಕಾದರೆ ಗೇಟ್ ಎಲ್ಲಿದೆ ಅಂತ ಗೊತ್ತಿರಬೇಕು. ನಿಮ್ಮ ಹತ್ತಿರ ಓರಾಕಲ್ ಅಂತ ಒಬ್ಬ ಇದ್ದಾನಲ್ಲ. ಅವನು ಹೊಡೆದಾಡುವವನಲ್ಲ, ನೋಡುವವನು. ಅವನನ್ನು ಓಡಿಸಬೇಡಿ, ಒಂದು ಕಡೆ ನಿಲ್ಲಿಸಿ. ಸುಮ್ನೆ ನಿಂತಷ್ಟೂ ಅವನಿಗೆ ಕಾಣುವ ದೂರ ಜಾಸ್ತಿಯಾಗುತ್ತಾ ಹೋಗುತ್ತದೆ. 2 ಓರಾಕಲ್ ಮಾಡಿ, ಆ ಹುಡುಗನ ಊರಿನ ಎರಡು ಮಗ್ಗುಲಿಗೆ ಮರಗಳ ಮರೆಯಲ್ಲಿ ನಿಲ್ಲಿಸಿ ಮರೆತುಬಿಡಿ. ಕೋಟೆಯ ಬತೇರಿ ಮೇಲೆ ಕಾವಲುಗಾರ ನಿಂತ ಹಾಗೆ.

ಗೋಡೆ ಕಟ್ಟುತ್ತೇನೆ ಅಂದಿರಿ. 7 ಸುತ್ತು ಕಟ್ಟಿದರೂ ಟೈಟನ್‌ಗೆ ಅದು ಮಂಡಕ್ಕಿ.

ರಾತ್ರಿ_ಪಾಳಿ

ಓಬವ್ವನ ಹೋಲಿಕೆ ಚೆನ್ನಾಗಿದೆ, ಒಪ್ಪಿದೆ. ಆದರೆ ಒಂದು ತಕರಾರು. ಕಿಂಡಿಯಲ್ಲಿ ಅಷ್ಟು ಚೆನ್ನಾಗಿ ಹೊಡೆದರೂ 1779ರಲ್ಲಿ ಕೋಟೆ ಹೈದರನ ಕೈಗೆ ಹೋಯಿತಲ್ಲ? ಒಂದು ಸಂದಿ ಕಾದರೆ ಆಗುವುದಿಲ್ಲ. ಇವರು 10 ಕುದುರೆ ಕಳಿಸಿ ಅಗೆಯುವವರನ್ನು ಕೊಲ್ಲುತ್ತಾರೆ ಅಂತಿಟ್ಟುಕೊಳ್ಳಿ. ಆ ಹುಡುಗನ ಹತ್ತಿರ ಚಿನ್ನ ತುಂಬಿ ತುಳುಕುತ್ತಿದ್ದರೆ ಗೇಟ್ ಸುತ್ತ ಸೈನ್ಯ ನಿಲ್ಲಿಸಿ ಅಗೆಸುತ್ತಾನೆ. ಆಗ ಏನು ಮಾಡುತ್ತೀರಿ?

ಈಜಿಪ್ಟ್ ಆಡುವವನ ಜೀವ ಇರುವುದು ಚಿನ್ನದಲ್ಲಿ. ಮನೆ, ಮಾಮೂಲಿ ಕಟ್ಟಡ ಸುಮಾರು ಪುಕ್ಕಟೆ ಕಟ್ಟುತ್ತಾನೆ, ಮರದ ಚಿಂತೆ ಅವನಿಗೆ ಕಡಿಮೆ. ಅದಕ್ಕೇ ಶುರುವಿನಲ್ಲಿ ಅವನು ಆರಾಮಾಗಿ ಕಾಣುವುದು. ಆದರೆ ಚಿನ್ನ ನಿಂತರೆ ಎಲ್ಲಾ ನಿಂತಿತು. ಫೇವರ್ ಬರುವುದು ಮಾನ್ಯುಮೆಂಟ್‌ಗಳಿಂದ. ಅವು ಕಟ್ಟಡಗಳು, ಎದ್ದು ಓಡಿಹೋಗುವುದಿಲ್ಲ. ಅವನು 3ನೇ ಹಂತ ಹೀರೊಯಿಕ್ ಏಜ್‌ನಲ್ಲಿ ಇರುವಾಗಲೇ ಗಣಿ ಮೇಲೆ ಬೀಳಿ, ಒಂದೆರಡು ಮಾನ್ಯುಮೆಂಟ್ ಬೀಳಿಸಿ. ಕೋಟೆ ಬಿದ್ದದ್ದೂ ಸುತ್ತಲಿಂದ ಹಿಂಡಿದ್ದಕ್ಕೇ ಅಲ್ವಾ?

ದುರ್ಗದ_ಒನಕೆ (ಚಿತ್ರದುರ್ಗ)

ಸುತ್ತಲಿಂದ ಹಿಂಡಿದ್ದಕ್ಕೆ, ಮತ್ತೆ ಒಳಗಿನವರೇ ಕೈಕೊಟ್ಟಿದ್ದಕ್ಕೆ ಅಂತ ನಮ್ಮಲ್ಲಿ ಹೇಳುತ್ತಾರೆ. ಅದನ್ನೂ ಸೇರಿಸಿ. ಆಟದಲ್ಲಿ ಅದಕ್ಕೂ ಒಂದು ಪವರ್ ಇದೆ ನೋಡಿ, ರಿಯಾ ದೇವತೆಯ ಟ್ರೇಟರ್. ಅವನ ಸೈನಿಕನೊಬ್ಬ ನಿಮ್ಮ ಕಡೆಗೆ ಬಂದುಬಿಡುತ್ತಾನೆ. ಗೈಯಾಗೆ ರಿಯಾ ಸಿಗುತ್ತಾಳೆ.

ನಿಮ್ಮ ಮಾತು ಸರಿ. ಗಣಿಯೂ ಹೊಡೆಯಲಿ, ಕಿಂಡಿಯೂ ಕಾಯಲಿ.

ಮಂಡಿಪೇಟೆ_ಗೇಮರ್

ಎಲ್ಲರಿಗೂ ಥ್ಯಾಂಕ್ಸ್. ಒಂದು ಕಾಪಿ ಬುಕ್‌ನಲ್ಲಿ ಬರೆದಿಟ್ಟುಕೊಂಡಿದ್ದೇನೆ, ಎಸ್ಸೆಸ್ಸೆಲ್ಸಿಗೂ ಇಷ್ಟು ಓದಿರಲಿಲ್ಲ. ಆದರೂ ಒಂದು ಡೌಟು. ಎಲ್ಲಾ ತಪ್ಪಿ ಹೋರಸ್ ಬಂದೇಬಿಟ್ಟ ಅಂತಿಟ್ಟುಕೊಳ್ಳಿ. ಆಗ? ನಾನು ಕಳೆದ ಸಲ ಬೆಹೆಮತ್ ಎಲ್ಲಾ ಕಳಿಸಿದೆ, ಸಾಸಿವೆ ಕಾಳಿನ ಹಾಗೆ ಹಾರಿಹೋದವು.

ಗೈಯಾ_ಕಾಡು

ಬೆಹೆಮತ್ ಅಂದರೆ ಪುರಾಣದ ಮೃಗ, ಮಿಥ್ ಯೂನಿಟ್, ಅದನ್ನು ಕಳಿಸಿದಿರಾ?! ಅಲ್ಲ ಸ್ವಾಮಿ, ಮೂಲ ಆಟ ಆಡಿದ್ದೇನೆ ಅಂದಿರಿ. ಮನುಷ್ಯರನ್ನು ಮಿಥ್ ಯೂನಿಟ್ ಹೊಡೆಯುತ್ತದೆ, ಮಿಥ್ ಯೂನಿಟನ್ನು ಹೀರೋ ಹೊಡೆಯುತ್ತಾನೆ, ಹೀರೋವನ್ನು ಮನುಷ್ಯರು ಹೊಡೆಯುತ್ತಾರೆ. ಟೈಟನ್‌ಗೂ ಹೀರೋಗಳೇ ಮದ್ದು.

ಇದರಲ್ಲಿ ನಿಮ್ಮಷ್ಟು ಅದೃಷ್ಟವಂತರು ಯಾರೂ ಇಲ್ಲ. ಗ್ರೀಕರಿಗೆ ಎಣಿಸಿ 4 ಹೀರೋ. ಅಟ್ಲಾಂಟಿಯನ್ನರಿಗೆ ಯಾವ ಮನುಷ್ಯನನ್ನು ಬೇಕಾದರೂ ಹಣ ಕೊಟ್ಟು ಹೀರೋ ಮಾಡಬಹುದು. ಕತ್ತಿಯ ಮರ್ಮಿಲ್ಲೋ, ಬಿಲ್ಲಿನ ಆರ್ಕಸ್, ಕುದುರೆಯ ಕೊಂಟೇರಿಯಸ್, ಕೊನೆಗೆ ಮರ ಕಡಿಯುವ ಸಿಟಿಜನ್ ಕೂಡ. ಹೋರಸ್ ಬರುವ ಲಕ್ಷಣ ಕಂಡರೆ ಇರುವ ಸೈನಿಕರಲ್ಲಿ ಅರ್ಧ ಜನರನ್ನು ಹೀರೋ ಮಾಡಿಬಿಡಿ. ಬಿಲ್ಲಿನವರನ್ನು ಮಾಡಿದರೆ ಇನ್ನೂ ಒಳ್ಳೆಯದು, ದೂರ ನಿಂತು ಹೊಡೆಯುತ್ತಾರೆ. ಹೋರಸ್ ನಿಧಾನಕ್ಕೆ ನಡೆಯುವವನು, ಒಂದು ಕಡೆ ಹೊಡೆದು ಇನ್ನೊಂದು ಕಡೆ ಓಡಿ. ಗಾಡ್ ಪವರ್ ಬಳಸಿ ಬೀಳಿಸುತ್ತೇನೆ ಅನ್ನುವ ಆಸೆ ಬಿಡಿ, ಬಹಳಷ್ಟು ಪವರ್ ಅವನಿಗೆ ತಾಗುವುದೇ ಇಲ್ಲ.

ಇನ್ನೊಂದು ಮಾತು. ನಿಮಗೆ ಕೌಂಟರ್ ಬ್ಯಾರಕ್ಸ್ ಅಂತ ಒಂದು ಕಟ್ಟಡ ಇದೆ. ಹೆಸರೇ ಹೇಳುತ್ತದೆ. ಆ ಹುಡುಗ ಒಂಟೆ, ಆನೆ ತಂದರೆ ಅಲ್ಲಿನ ಕಟಪೆಲ್ಟೀಸ್ ಸೈನಿಕರು. ಬಿಲ್ಲಿನ ರಥ ತಂದರೆ ಟರ್ಮಾ. ಅವನು ಏನು ತರುತ್ತಾನೆ ಅಂತ ನೋಡಿ ಮಾಡಿ, ಎಲ್ಲದರಲ್ಲೂ ಒಂದೊಂದು ಮಾಡಿ ಮಿಸಳ್ ಮಾಡಬೇಡಿ.

ಹೊಸ_ರಿಟೋಲ್ಡ್

ಇಷ್ಟೆಲ್ಲಾ ಯಾಕೆ, ಇಬ್ಬರೂ ಇದೇ ಆಟದ ಹೊಸ ಆವೃತ್ತಿ ರಿಟೋಲ್ಡ್‌ಗೆ ಬನ್ನಿ. 2024ರಲ್ಲಿ ಬಂದಿದೆ, ಅಟ್ಲಾಂಟಿಯನ್ನರು ಮೊದಲಿಂದಲೇ ಅದರೊಳಗೆ ಇದ್ದಾರೆ. ಎಲ್ಲರಿಗೂ ಗಾಡ್ ಪವರ್ ಮತ್ತೆ ಮತ್ತೆ ಬಳಸಲು ಬರುತ್ತದೆ, ಹಳ್ಳಿಗರನ್ನು ತಾನೇ ಕೆಲಸಕ್ಕೆ ಹಂಚುವ ವ್ಯವಸ್ಥೆ ಇದೆ. 2025ರಲ್ಲಿ ಚೀನಾದ ದೇವರುಗಳ ಎಕ್ಸ್‌ಪ್ಯಾನ್ಶನ್ ಇಮ್ಮಾರ್ಟಲ್ ಪಿಲ್ಲರ್ಸ್, ಆಮೇಲೆ ಜಪಾನಿನದು ಹೆವನ್ಲಿ ಸ್ಪಿಯರ್ ಕೂಡ ಬಂತು. ಹಳೆಯದನ್ನೇ ಹಿಡಿದುಕೊಂಡು ಕೂತರೆ ಹೇಗೆ.

ಹಳೇ_ಸೈಬರ್_ಗಿರಾಕಿ

ರಿಟೋಲ್ಡ್ ನಾನೂ ಆಡಿದ್ದೇನೆ, ಚೆನ್ನಾಗಿದೆ, ಜಗಳ ಇಲ್ಲ. ಆದರೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಹಾಕಿದರೆ ಕೀಬೋರ್ಡ್ ಮೇಲೇ ದೋಸೆ ಹುಯ್ಯಬಹುದು. ಅದೂ ಏಪ್ರಿಲ್‌ನಲ್ಲಿ, ದಾವಣಗೆರೆಯಲ್ಲಿ, ಕರೆಂಟ್ ಹೋದಾಗ.

ಹಳೇ ಡಿಸ್ಕ್ ಇಟ್ಟುಕೊಂಡವರಿಗೆ ಒಂದು ಮಾತು, ಯಾರಾದರೂ ಹುಡುಕಿಕೊಂಡು ಇಲ್ಲಿಗೆ ಬಂದರೆ ಇರಲಿ. ಆ ಕಾಲದ ಡಿಸ್ಕ್‌ನಲ್ಲಿದ್ದ ಸೇಫ್‌ಡಿಸ್ಕ್ ಅನ್ನುವ ಕಾಪಿ ಕಾವಲನ್ನು ವಿಂಡೋಸ್ 10ರಿಂದ ನಿಲ್ಲಿಸಿದ್ದಾರೆ. ಇನ್‌ಸ್ಟಾಲ್ ಆಗಿ ಆಟ ಶುರುವಾಗದೆ ಸುಮ್ನೆ ನಿಂತರೆ ಡಿಸ್ಕ್ ಒರೆಸಿ ಒರೆಸಿ ಸವೆಸಬೇಡಿ, ನಾನು ಒಂದು ಭಾನುವಾರ ಪೂರ್ತಿ ಬನಿಯನ್‌ನಲ್ಲಿ ಒರೆಸಿದ್ದೇನೆ.

ಮಂಡಿಪೇಟೆ_ಗೇಮರ್

ಭಾನುವಾರ ರಾತ್ರಿ ಬರೆಯುತ್ತಿದ್ದೇನೆ. ಕೈ ಇನ್ನೂ ನಡುಗುತ್ತಿದೆ.

ಶನಿವಾರ ಮೊದಲ ಆಟ ಸೋತೆ. ಹೇಳಿಬಿಡುತ್ತೇನೆ, ಮರೆಮಾಚುವುದು ಯಾಕೆ. 24 ಸಿಟಿಜನ್ ಮಾಡಿದೆ, 3 ಟೌನ್ ಸೆಂಟರ್ ಹಿಡಿದೆ, ಎಲ್ಲಾ ಸರಿ ಇತ್ತು. ಕೂಲಿಯವರ ಸಂಭ್ರಮದಲ್ಲಿ ಸೈನ್ಯ ಮಾಡುವುದನ್ನೇ ಮರೆತೆ. ಅವನು ಆನೆ ತಂದು ತುಳಿಸಿದ. ಟೈಟನ್ ಬೇಕಾಗಲೇ ಇಲ್ಲ.

ಇವತ್ತು ಬೆಳಿಗ್ಗೆ ಎರಡನೇದು. ಗೈಯಾ ಕಾಡು ಶುರುವಿನಲ್ಲೇ ಹಾಕಿದೆ. ಲೀಟೋ ತಗೊಂಡು ಜೇಡಗಳನ್ನು ಅವನ ಗಣಿ ಪಕ್ಕ ಹೂತೆ. ಪಕ್ಕದ ಕುರ್ಚಿಯಲ್ಲಿ "ಏ ಏನಿದು, ಏನಿದು" ಅಂತ ಅವನು ಕೂಗಿದ್ದನ್ನು ಕೇಳಿ ನಮ್ಮಮ್ಮ ಅಡುಗೆ ಮನೆಯಿಂದ ಓಡಿ ಬಂದರು, ನಿಜವಾದ ಜೇಡ ಅಂದುಕೊಂಡು ಪೊರಕೆ ಹಿಡಿದು. 2 ಓರಾಕಲ್ ಮರಗಳ ಹಿಂದೆ ನಿಲ್ಲಿಸಿದೆ. ಕೊಂಟೇರಿಯಸ್ ಕುದುರೆ 12 ಮಾಡಿ 2 ಸಲ ಗಣಿಗೆ ನುಗ್ಗಿದೆ. ಮಾನ್ಯುಮೆಂಟ್ ಒಂದನ್ನು ಬೀಳಿಸಿದೆ, ಇನ್ನೊಂದರ ಹತ್ತಿರ ಹೋಗುವಷ್ಟರಲ್ಲಿ ಕುದುರೆ ಎಲ್ಲಾ ಸತ್ತವು.

ಆಮೇಲೆ ಅವನು ಮಿಥಿಕ್‌ಗೆ ಹೋದ. ಹೊಟ್ಟೆಯಲ್ಲಿ ಏನೋ ಆಯಿತು. ಓರಾಕಲ್ ಕಡೆ ನೋಡಿದೆ. ಅವನ ದೇವಸ್ಥಾನದ ಹಿಂದೆ, ಮ್ಯಾಪ್‌ನ ಅಂಚಿಗೆ ಅಂಟಿಕೊಂಡ ಹಾಗೆ ಗೇಟ್! 6 ಸಲವೂ ಅಲ್ಲೇ ಹಾಕಿರಬೇಕು ಅಂತ ಆಗ ಹೊಳೆಯಿತು. ನನ್ನ ಟೈಟನ್‌ಗೆ ಅಂತ ಕೂಡಿಟ್ಟದ್ದನ್ನೆಲ್ಲಾ ಕುದುರೆಗೆ ಹಾಕಿದೆ. ಅಂಚಿನಿಂದ ಸುತ್ತು ಹಾಕಿ ಹೋಗಿ ಅಗೆಯುವವರ ಮೇಲೆ ಬಿದ್ದೆ. ಅವನು ಮತ್ತೆ ಕಳಿಸಿದ. ಮತ್ತೆ ಬಿದ್ದೆ. ಮೂರನೇ ಸಲಕ್ಕೆ ಅವನ ಹತ್ತಿರ ಕಳಿಸಲು ಜನವೇ ಉಳಿಯಲಿಲ್ಲ, ಯಾಕೆಂದರೆ ಗಣಿಯವರು ಅಷ್ಟರಲ್ಲಿ ಜೇಡದ ಬಾಯಿಗೆ ಹೋಗಿದ್ದರು. ಅಲ್ಲಿಂದ 10 ನಿಮಿಷಕ್ಕೆ ಅವನು ರಿಸೈನ್ ಒತ್ತಿದ.

ಮಧ್ಯಾಹ್ನ ಹೋಗಿ ದೋಸೆ ತಿಂದೆ. 4 ತಿಂದೆ, ಅವನ ಹಾಗೆ 11 ಅಲ್ಲ. ಪಲ್ಯ ಎರಡು ಸಲ ಹಾಕಿಸಿಕೊಂಡೆ. ಬಿಲ್ ಕೊಡುವಾಗ ಅವನ ಮುಖ ನೋಡುವ ಹಾಗಿತ್ತು.

ದುರ್ಗದ_ಒನಕೆ (ಚಿತ್ರದುರ್ಗ)

ಶಭಾಷ್. ನಮ್ಮೂರಿನವನು ಸೋತ ಅಂತ ಸ್ವಲ್ಪ ಬೇಜಾರು, ನಮ್ಮೂರಿನ ವಿದ್ಯೆಯಿಂದಲೇ ಸೋತ ಅಂತ ಸ್ವಲ್ಪ ಸಮಾಧಾನ.

ಹೋರಸ್_ದುರ್ಗ (ಹೊಸ ಸದಸ್ಯ)

ಭಾವ, ಇದು ನಾನು.

ಬಸ್ಸಿನಲ್ಲಿ ಕೂತು "ಟೈಟನ್ ಗೇಟ್ ಕಾಪಾಡುವುದು ಹೇಗೆ" ಅಂತ ಹುಡುಕಿದರೆ ಮೊದಲು ಸಿಕ್ಕಿದ್ದೇ ಇದು. ಮೇಲಿಂದ ಕೆಳಗೆ ಪೂರ್ತಿ ಓದಿದೆ. ಐದು ಜನ ಸೇರಿ ಒಬ್ಬನನ್ನು ಸೋಲಿಸಿದ್ದೀರಿ, ಅದಕ್ಕೆ ದೋಸೆ ಬೇರೆ.

ಎರಡು ತಿದ್ದುಪಡಿ. ಒಂದು, ಆ ದಿನ ನಾನು ತಿಂದದ್ದು 7. ಉಳಿದ 4 ಪಾರ್ಸಲ್ ಅತ್ತೆಗೆ ತಂದದ್ದು, ಅವರೇ ಹೇಳಿದ್ದು, ಬೇಕಾದರೆ ಅಡುಗೆ ಮನೆಗೆ ಹೋಗಿ ಕೇಳಿ. ಎರಡು, ಗೇಟ್ 6 ಸಲವೂ ಒಂದೇ ಜಾಗದಲ್ಲಿ ಹಾಕಿರಲಿಲ್ಲ. ಒಂದು ಸಲ ನಿಮ್ಮ ಗೋಡೆಯ ಹೊರಗಡೆಯೇ, ನಿಮ್ಮ ಮರ ಕಡಿಯುವ ಜಾಗದ ಆಚೆ ಹಾಕಿದ್ದೆ. ನೀವು ನೋಡಲೇ ಇಲ್ಲ.

ದುರ್ಗದ ಒನಕೆಯವರೇ, ನಿಮ್ಮ ಮನೆ ಯಾವ ಬಡಾವಣೆ ಅಂತ ಕೇಳುವುದಿಲ್ಲ. ಆದರೆ ನೆನಪಿಟ್ಟುಕೊಂಡಿದ್ದೇನೆ.

ಮುಂದಿನ ಶನಿವಾರ ನಾನು ಲೋಕಿ ಆಡುತ್ತೇನೆ. ನಾರ್ಸ್‌ನಲ್ಲಿ ಕಟ್ಟಡ ಕಟ್ಟುವುದು ಸೈನಿಕರೇ, ಕತ್ತಿ ಹಿಡಿದುಕೊಂಡೇ ಕಟ್ಟುತ್ತಾರೆ. ಒನಕೆ ತಂದು ನೋಡಿ.

ಮಂಡಿಪೇಟೆ_ಗೇಮರ್

ನಾರ್ಸ್ ವಿರುದ್ಧ ಗೈಯಾ ಹೇಗೆ ಆಡುವುದು, ಯಾರಾದರೂ ನನಗೆ ಪ್ರೈವೇಟ್ ಮೆಸೇಜ್ ಮಾಡುತ್ತೀರಾ? ಇಲ್ಲಿ ಬರೆಯಬೇಡಿ.